ಬೀರಯ್ಯನವರ ಹೆಸರಿನ ಕಂಪ್ಯೂಟರ್

"ಇನ್ಮೇಲೆ ನಮ್ಮ ಪ್ರೆಸ್ಸಿನ ಕಂಪ್ಯೂಟರ್‌ಗಳನ್ನ ಹೊರಗಿನವರು ಮುಟ್ಟೋ ಹಾಗಿಲ್ಲ. ಏನೇ ಕೆಟ್ಟರೂ ನಾನೇ ಸರಿ ಮಾಡ್ತೀನಿ," ಎಂದು ಸಂಗಮೇಶ ಸೋಮವಾರ ಬೆಳಿಗ್ಗೆ ದೋಸೆ ಮುರಿಯುತ್ತಾ ಘೋಷಿಸಿದ.

"ಹೋದ ತಿಂಗಳು ಮಿಕ್ಸಿಗೂ ಹಿಂಗೇ ಅಂದಿದ್ರಿ," ಎಂದಳು ಹೆಂಡತಿ ರೂಪಶ್ರೀ. "ಈ ಚಟ್ನಿ ಒರಳಲ್ಲಿ ರುಬ್ಬಿದ್ದು. ಅವತ್ತಿಂದ ಒರಳಲ್ಲೇ ರುಬ್ತಿದೀನಿ."

ಸಂಗಮೇಶನ ಈ ಹುರುಪಿಗೆ ಕಾರಣವಿತ್ತು. ರೂಪಶ್ರೀಯ ತಂಗಿ ಕಾವ್ಯಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಚನ್ನೇಶ್ ಗುಬ್ಬಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು. ನಿಶ್ಚಿತಾರ್ಥದ ದಿನ ಮಾವನ ಮನೆಯ ಟಿವಿ ಮೊಂಡು ಹಿಡಿದಾಗ ಆ ಹುಡುಗ ಎರಡು ನಿಮಿಷದಲ್ಲಿ ಸರಿ ಮಾಡಿಬಿಟ್ಟಿದ್ದ. ಅಂದಿನಿಂದ ಮಾವ ಚನ್ನವೀರಯ್ಯನವರು ಫೋನ್ ಮಾಡಿದಾಗಲೆಲ್ಲ ಹೊಸ ಅಳಿಯನ ಗುಣಗಾನ. ಹದಿನಾಲ್ಕು ವರ್ಷದಿಂದ ಏಕೈಕ ಅಳಿಯನಾಗಿ ಮೆರೆದ ಸಂಗಮೇಶನಿಗೆ, ಇನ್ನೂ ತಾಳಿಯನ್ನೇ ಕಟ್ಟದ ಷಡ್ಡಕ ಇಷ್ಟು ಮೇಲೇರುವುದು ಸ್ವಲ್ಪವೂ ಸಹಿಸಲಾಗಲಿಲ್ಲ.

ಆದರೆ ಚನ್ನೇಶನಿಗಿಲ್ಲದ್ದು ಒಂದು ಇವನ ಕೈಯಲ್ಲಿತ್ತು. ಅದು ಪ್ರೆಸ್ಸು. ತುಮಕೂರಿನ ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿರುವ ಆ ಮುದ್ರಣಾಲಯಕ್ಕೆ ಸಂಗಮೇಶ ಮ್ಯಾನೇಜರ್. ಕಾವ್ಯಳ ಲಗ್ನಪತ್ರಿಕೆ ಅಲ್ಲೇ ಅಚ್ಚಾಗಬೇಕು, ಅದೂ ಸೋಮವಾರವೇ ಆಗಬೇಕು. ಗುರುವಾರದಿಂದ ಆಷಾಢ. ಅಷ್ಟರೊಳಗೆ ಮೊದಲ ಪತ್ರಿಕೆಯನ್ನು ಮನೆದೇವರು ವೀರಭದ್ರಸ್ವಾಮಿಯ ಮುಂದೆ ಇಡಬೇಕು. ಸ್ವಾಮಿಯ ಗುಡಿ ಇರುವುದು ಕುಣಿಗಲ್ ದಾಟಿ ಕೊತ್ತಗೆರೆಯ ಕಡೆ. ಅಲ್ಲಿ ಸೋಮವಾರ ಸಂಜೆ ವಿಶೇಷ ಪೂಜೆ. ಪತ್ರಿಕೆ ಒಯ್ಯಲು ಮಾವ ಖುದ್ದು ಬಂದು ಹತ್ತು ಗಂಟೆಗೇ ಪ್ರೆಸ್ಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಿರಾಜಮಾನರಾಗಿದ್ದರು.

"ನಾಕು ಗಂಟೆ ಬಸ್ಸು ಸಿಕ್ಕುದ್ರೆ ಸಾಕು," ಎಂದರು ಮಾವ.

"ಹನ್ನೊಂದಕ್ಕೇ ಕೈಗೆ ಕೊಡ್ತೀನಿ ಮಾವ. ಮನೇಲಿ ಮುದ್ದೆ ಉಂಡು, ಒಂದು ನಿದ್ದೆ ಹೊಡೆದು ಹೋಗಿ," ಎಂದ ಅಳಿಯ.

ಈ ಪ್ರೆಸ್ಸಿನ ಕೆಲಸದ ರೀತಿಯನ್ನು ಇಲ್ಲಿ ಹೇಳಿಬಿಡಬೇಕು. ಅಲ್ಲಿ ಇರುವುದು ನಾಲ್ಕು ಕಂಪ್ಯೂಟರ್. ಒಳಕೋಣೆಯ ದೊಡ್ಡದರಲ್ಲಿ ಹದಿನೈದು ವರ್ಷದ ಪತ್ರಿಕೆಗಳೆಲ್ಲ ಫೋಲ್ಡರ್ ಫೋಲ್ಡರ್‌ಗಳಾಗಿ ಕೂತಿವೆ. ಹಳೆಯ ಕಂಪ್ಯೂಟರ್ ಸತ್ತಾಗ ಅದರಲ್ಲಿದ್ದದ್ದನ್ನೂ ಇದಕ್ಕೇ ತುಂಬಿದ್ದರು. ಮಿಕ್ಕ ಮೂರು, ಅಂದರೆ ಡಿಸೈನ್ ಮಾಡುವುದು, ಕೌಂಟರಿನದು, ಅಚ್ಚಿನ ಮೆಷಿನ್ನಿಗೆ ಕಟ್ಟಿದ್ದು, ತಮಗೆ ಬೇಕಾದ್ದನ್ನು ತಂತಿಯ ಮೂಲಕ ಅದರಿಂದಲೇ ತೆಗೆದುಕೊಳ್ಳುತ್ತವೆ. ಒಂದು ಮನೆಯ ನಾಲ್ಕು ಕೋಣೆಗೆ ಒಂದೇ ಉಗ್ರಾಣ ಇದ್ದ ಹಾಗೆ. ಆ ದೊಡ್ಡ ಕಂಪ್ಯೂಟರಿಗೆ ನೆಟ್‌ವರ್ಕಿನಲ್ಲಿ 'ಪ್ರೆಸ್-ಒಂದು' ಎಂದು ಹೆಸರು.

ಡಿಸೈನ್ ಮಾಡುವವರು ಖುರ್ಷಿದಾ ಬೇಗಂ. ಅವರು ಮಾತಾಡುವುದು ಕಮ್ಮಿ, ಕೆಲಸ ಜಾಸ್ತಿ. ಅವರ ಮೇಜಿನ ಮೇಲೆ ಮೌಸಿನ ಪಕ್ಕ ಒಂದು ಅರಿಶಿನದ ಡಬ್ಬಿ ಇದೆ. ಯಾರದೇ ಮದುವೆಯಿರಲಿ, ಮೆಷಿನ್ನಿಂದ ಬಂದ ಮೊದಲ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಮನೆಯ ಹಿರಿಯರಿಗೆ ಕೊಡುವುದು ಹನ್ನೊಂದು ವರ್ಷದಿಂದ ಅವರೇ. ಯಾರೂ ಹೇಳಿಕೊಟ್ಟದ್ದಲ್ಲ, ತಾವಾಗಿ ಹಚ್ಚಿಕೊಂಡ ಪದ್ಧತಿ. ಅವರ ಕೈಯಿಂದ ಬಂದ ಪತ್ರಿಕೆಯ ಮದುವೆ ನಿಂತದ್ದಿಲ್ಲ ಎಂದು ಪೇಟೆಯಲ್ಲೆಲ್ಲ ಮಾತಿದೆ.

ಖುರ್ಷಿದಾ ಬೇಗಂ ಕಾವ್ಯಳ ಪತ್ರಿಕೆ ತೆರೆಯಲು ಉಗ್ರಾಣದ ಬಾಗಿಲು ತಟ್ಟಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಟ್ಟ ಚೌಕ ಎದ್ದು ನಿಂತಿತು.

"ಸಾರ್, ಫೋಲ್ಡರ್ ಬರ್ತಿಲ್ಲ. ಏನೋ ಬರೆದು ತೋರಿಸ್ತಿದೆ."

"ಅದು ಹಂಗೇ ಏನಾದ್ರೂ ಬರೀತಾ ಇರುತ್ತೆ," ಎಂದು ಸಂಗಮೇಶ ಬಗ್ಗಿ, ಓದದೆಯೇ ಚೌಕವನ್ನು ಮುಚ್ಚಿದ. ಇನ್ನೊಮ್ಮೆ ತಟ್ಟಿದರೂ ಅದೇ ಚೌಕ. ಅದನ್ನೂ ಮುಚ್ಚಿದ. ಕೌಂಟರಿನ ಕಂಪ್ಯೂಟರ್‌ನಲ್ಲೂ ಅದೇ, ಮೆಷಿನ್ನಿನದರಲ್ಲೂ ಅದೇ ಕಥೆ. ಕಂಪ್ಯೂಟರ್ ಏನು ಹೇಳಿದರೂ ತಕ್ಷಣ ಬಾಯಿ ಮುಚ್ಚಿಸಬೇಕು ಎಂಬುದು ಅವನ ಸಿದ್ಧಾಂತ. ಮನೆಯಲ್ಲಿ ನಡೆಯದ ಸಿದ್ಧಾಂತಗಳನ್ನು ಗಂಡಸರು ಆಫೀಸಿನಲ್ಲಿ ನಡೆಸುತ್ತಾರೆ.

"ಸಾರ್, ಶನಿವಾರ ಸಂಜೆವರೆಗೂ ಸರಿ ಇತ್ತಲ್ಲ," ಎಂದರು ಖುರ್ಷಿದಾ ಬೇಗಂ. "ಅವತ್ತು ಏನೇನು ಮಾಡಿದ್ವಿ ಅಂತ ಒಂದ್ಸಲ ನೆನಪು ಮಾಡ್ಕೊಂಡ್ರೆ..."

"ಶನಿವಾರ ಸನ್ಮಾನ ಮಾಡಿದ್ವಿ ಮೇಡಂ. ಸನ್ಮಾನ ಮಾಡಿದ್ರೆ ಕಂಪ್ಯೂಟರ್ ಕೆಡುತ್ತಾ?"

ಶನಿವಾರದ ಸನ್ಮಾನ ನಿಜಕ್ಕೂ ಭರ್ಜರಿಯಾಗಿ ನಡೆದಿತ್ತು. ಮೂವತ್ತನಾಲ್ಕು ವರ್ಷ ಪ್ರೂಫ್ ನೋಡಿದ ಚಿಕ್ಕಬೀರಯ್ಯನವರು ಅಂದು ನಿವೃತ್ತರಾದರು. ಚೇಳೂರಿನಿಂದ ಬೆಳಿಗ್ಗೆ ಬಸ್ಸು ಹತ್ತಿ, ಗುಬ್ಬಿಯಲ್ಲಿ ಇಳಿದು, ಇನ್ನೊಂದು ಹಿಡಿದು ಒಂಬತ್ತೂವರೆಗೆ ಪ್ರೆಸ್ಸಿನ ಬೀಗದ ಮುಂದೆ ನಿಲ್ಲುತ್ತಿದ್ದ ಮನುಷ್ಯ. ಓದಿದ್ದು ಎಸ್ಸೆಸ್ಸೆಲ್ಸಿಯಾದರೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅವರ ಕಣ್ಣು ತಪ್ಪಿಸಿ ಒಂದು ಅಕ್ಷರ ಆಚೆ ಹೋಗುವಂತಿರಲಿಲ್ಲ. ಜಿಲ್ಲೆಯ ಅದೆಷ್ಟೋ ಸಾವಿರ ಗಂಡು ಹೆಣ್ಣುಗಳು ಸರಿಯಾದ ಹೆಸರಿನಲ್ಲೇ ಮದುವೆಯಾದದ್ದು ಇವರ ಕೆಂಪು ಪೆನ್ನಿನ ಪುಣ್ಯ. ಅಂಥವರಿಗೆ ಬರೀ ಶಾಲು, ಹಾರ ಸಾಲದು ಎಂದು ಸಂಗಮೇಶನಿಗೆ ಅನ್ನಿಸಿತ್ತು. ಅನ್ನಿಸಿದ್ದು ಸರಿಯೇ, ಅದರಲ್ಲಿ ಅವನದೇನೂ ತಪ್ಪಿಲ್ಲ.

ಭಾಷಣದ ಭರದಲ್ಲಿ ಅವನು, "ಊರಲ್ಲಿ ದೊಡ್ಡವರ ಹೆಸರನ್ನ ರಸ್ತೆಗೆ ಇಡ್ತಾರೆ, ಸರ್ಕಲ್‌ಗೆ ಇಡ್ತಾರೆ. ನಮ್ಮ ಹತ್ರ ರಸ್ತೆ ಇಲ್ಲ, ಸರ್ಕಲ್ ಇಲ್ಲ. ಆದರೆ ಕಂಪ್ಯೂಟರ್ ಇದೆ," ಎಂದ. ಒಳಕೋಣೆಗೆ ನಡೆದು, ದೊಡ್ಡ ಕಂಪ್ಯೂಟರಿಗೆ ಕುಂಕುಮ ಇಟ್ಟು, ಹೂ ಮುಡಿಸಿ, 'ಪ್ರೆಸ್-ಒಂದು' ಎಂಬ ಹೆಸರನ್ನು ಅಳಿಸಿ 'ಚಿಕ್ಕಬೀರಯ್ಯ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ. ಹೊಸ ಹೆಸರು ಆಫ್ ಮಾಡಿ ಆನ್ ಮಾಡಿದ ಮೇಲೆ ಜಾರಿಗೆ ಬರುತ್ತದೆ ಎಂದು ಕಂಪ್ಯೂಟರ್ ತಿಳಿಸಿತು. ಸಂಗಮೇಶ ವಾಡಿಕೆಯಂತೆ ಅದರ ಬಾಯಿ ಮುಚ್ಚಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಬೀರಯ್ಯನವರ ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲರೂ ಕೇಸರಿಬಾತ್ ತಿಂದು ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಆನ್ ಆಗಿದ್ದು ಆ ಹೊಸ ನಾಮಧೇಯದ ಕಂಪ್ಯೂಟರು. ಮಿಕ್ಕ ಮೂರು ಇನ್ನೂ 'ಪ್ರೆಸ್-ಒಂದು' ಎಂಬ ಹಳಬನನ್ನೇ ಕೂಗಿ ಕೂಗಿ ಕರೆಯುತ್ತಿದ್ದವು. ನಮಗೆ ನಿಮಗೆ ಈಗ ಗೊತ್ತಾಯಿತು. ಸಂಗಮೇಶನಿಗೆ ಗೊತ್ತಾಗಲು ಇನ್ನೂ ಐದು ಗಂಟೆ ಹಿಡಿಯಿತು.

ಮೊದಲು ಅವನು ನಾಲ್ಕೂ ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದ. ಏನೂ ಆಗಲಿಲ್ಲ. "ತಂತಿಲಿ ತೊಂದರೆ," ಎಂದು ತೀರ್ಮಾನಿಸಿ ಮೇಜಿನ ಕೆಳಗೆ ನುಗ್ಗಿ ಕಂಡ ಕಂಡ ತಂತಿಯನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ. ಸಿಕ್ಕಿಸುವಾಗ ಒಂದು ಹೆಚ್ಚಾಗಿ ಉಳಿಯಿತು. ಅದು ಯಾವುದೆಂದು ಯೋಚಿಸುವಷ್ಟರಲ್ಲಿ ಮಾವ ಟವಲಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಅಳಿಯಂದ್ರೆ, ಫ್ಯಾನು ನಿಂತೋಯ್ತು."

"ಅದು ರಿಪೇರಿಯ ಒಂದು ಹಂತ ಮಾವ."

ಹನ್ನೆರಡಾಯಿತು. ಗೋಡೆಯ ಮೇಲೆ ದೀಪ ಮಿನುಗಿಸುತ್ತಾ ಕೂತಿದ್ದ ರೂಟರ್ ಪೆಟ್ಟಿಗೆಯ ಮೇಲೆ ಅನುಮಾನ ಬಂತು. ಅದರ ಬೆನ್ನಲ್ಲೊಂದು ಸೂಜಿತೂತು. ಅದಕ್ಕೆ ಗುಂಡುಸೂಜಿ ಚುಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದು ಎಲ್ಲೋ ಕೇಳಿದ್ದ. ಚುಚ್ಚಿದ. ರೂಟರ್ ತನ್ನ ಪೂರ್ವಾಶ್ರಮವನ್ನೆಲ್ಲ ಮರೆತು ಸನ್ಯಾಸಿಯಾಯಿತು. ಅಲ್ಲಿಯವರೆಗೆ ಚೆನ್ನಾಗಿಯೇ ಇದ್ದ ಇಂಟರ್‌ನೆಟ್ಟೂ ಹೋಯಿತು.

"ಅರೆ, ಮೇಲ್ ಮಾಡಿ ಕಳಿಸ್ಕೊಳ್ಳೋಣ ಅಂತಿದ್ದೆ," ಎಂದು ಖುರ್ಷಿದಾ ಬೇಗಂ ಮೆಲ್ಲಗೆ ಹೇಳಿದರು. "ಹೋಗ್ಲಿ, ಒಳಗಿನ ಕಂಪ್ಯೂಟರಿಂದ ಪೆನ್‌ಡ್ರೈವಲ್ಲಿ ತಂದುಬಿಡ್ಲಾ ಸಾರ್?"

ಸಂಗಮೇಶ ಗಂಟಲು ಸರಿ ಮಾಡಿಕೊಂಡ. ಹೋದ ವರ್ಷ ಪೆನ್‌ಡ್ರೈವಿನಿಂದ ವೈರಸ್ ಬಂದಾಗ, ಇನ್ನು ಜನ್ಮದಲ್ಲಿ ಯಾರೂ ಚುಚ್ಚಬಾರದೆಂದು ನಾಲ್ಕೂ ಕಂಪ್ಯೂಟರಿನ ಆ ತೂತುಗಳಿಗೆ ಎಂ-ಸೀಲ್ ಮೆತ್ತಿದ್ದವನು ಅವನೇ. ನೀರಿನ ಟ್ಯಾಂಕಿಗೆ ಹಾಕುವ ಮಾಲು ಅದು, ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಒಂದು ಸ್ಕ್ರೂಡ್ರೈವರ್ ಮುರಿದದ್ದಷ್ಟೇ ಲಾಭ.

ಆಗ ಫೋನ್ ಬಂತು. ರೂಪಶ್ರೀ.

"ರೀ, ಅಪ್ಪ ಎಲ್ಲಿ? ಮುದ್ದೆ ಆರಿ ಕಲ್ಲಾಯ್ತು."

"ಇಲ್ಲೇ ಇದಾರೆ. ಸ್ವಲ್ಪ ಟೆಕ್ನಿಕಲ್ ಪ್ರಾಬ್ಲಂ."

"ನೀವು ಮುಟ್ಟೋಕೆ ಮುಂಚೆ ಬಂದಿದ್ದಾ, ಮುಟ್ಟಿದ ಮೇಲೆ ಬಂದಿದ್ದಾ?"

ಸಂಗಮೇಶ ಫೋನಿಟ್ಟ. ಮಾವ ಬೆವರು ಒರೆಸಿಕೊಳ್ಳುತ್ತಾ, "ಚನ್ನೇಶಪ್ಪಂಗೆ ಒಂದು ಫೋನ್ ಹಾಕ್ಲಾ? ಗುಬ್ಬಿ ಏನ್ ದೂರ ಬುಡಿ, ಅರ್ಧ ಗಂಟೇಲಿ ಬತ್ತಾನೆ," ಎಂದರು.

"ಬೇಡ ಮಾವ," ಎಂದ ಸಂಗಮೇಶ. "ಮದುವೆ ಗಂಡು ತನ್ನ ಪತ್ರಿಕೆಗೆ ತಾನೇ ಬಂದು ಬೆವರು ಸುರಿಸೋದು ಶುಭ ಅಲ್ಲ." ಅಂಥದೊಂದು ಶಾಸ್ತ್ರ ಎಲ್ಲೂ ಇಲ್ಲ. ಆದರೂ ಮಾವ ನಂಬಿದರು.

ಎರಡು ಗಂಟೆಯ ಹೊತ್ತಿಗೆ ಸಂಗಮೇಶನ ಬುದ್ಧಿ ರಿಪೇರಿ ಬಿಟ್ಟು ತನಿಖೆಗೆ ಇಳಿಯಿತು. "ಯಾರೋ ಕೈಯಾಡಿಸಿದಾರೆ," ಎಂದ ಗಟ್ಟಿಯಾಗಿ. "ಸುಮ್ಮಸುಮ್ಮನೆ ಇಂಥದ್ದು ಆಗಲ್ಲ. ಆ ಕಿತಾಪತಿ ಮಾಡಿದವರು ಯಾರೇ ಆಗಿರಲಿ, ಅವರ ಕೈಲಿ ಒಂದು ವಾರ ಎಲ್ಲರಿಗೂ ಟೀ ತರಿಸ್ತೀನಿ. ಮಾವ, ನೀವೇ ಸಾಕ್ಷಿ."

"ಆಯ್ತು," ಎಂದರು ಮಾವ. "ಈಗ ಒಂದು ಟೀ ಸಿಕ್ಕುದ್ರೆ ಒಳ್ಳೇದಾಗಿತ್ತು."

ಮೂರು ಗಂಟೆಗೆ ಹತ್ತು ನಿಮಿಷವಿರುವಾಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬಂದವರು ಚಿಕ್ಕಬೀರಯ್ಯನವರು. ಅದೇ ಬಿಳಿ ಅಂಗಿ, ಅದೇ ಬಟ್ಟೆಯ ಚೀಲ.

"ತಪ್ಪು ತಿಳ್ಕಬ್ಯಾಡಿ ಸಾ," ಎಂದರು ಸಂಕೋಚದಿಂದ. "ಶನಿವಾರ ಹೋಗುವಾಗ ಪ್ರೆಸ್ಸಿನ ಕೆಂಪು ಪೆನ್ನು ಜೇಬಲ್ಲೇ ಬಂದ್ಬುಟ್ಟಿತ್ತು. ನಮ್ದಲ್ದಿದ್ದು ಮನೇಲಿದ್ರೆ ನಿದ್ದೆ ಹತ್ತಾಕಿಲ್ಲ. ಕೊಟ್ಟೋಗನಾ ಅಂತ ಬಂದೆ." ಎರಡು ಬಸ್ಸು ಬದಲಿಸಿ ಅವರು ಹಿಂದಿರುಗಿಸಲು ತಂದದ್ದು ಅರ್ಧ ಸವೆದ ಪೆನ್ನು.

ಅವರು ಪೆನ್ನನ್ನು ಮೇಜಿನ ಮೇಲಿಡಲು ಬಗ್ಗಿದಾಗ ಪರದೆಯ ಮೇಲೆ ಆ ಚೌಕ ಇತ್ತು. ಅಕ್ಷರ ಕಂಡರೆ ಓದದೆ ಮುಂದೆ ಹೋಗುವುದು ಬೀರಯ್ಯನವರಿಂದಾಗದು. ಬಸ್ಸಿನ ಟಿಕೆಟ್ಟಿನ ಹಿಂದಿನ ಜಾಹೀರಾತನ್ನೂ ಓದಿ ಮುಗಿಸಿ ಮಡಿಸುವವರು. ಸಂಗಮೇಶನ ಕೈ ಮುಚ್ಚಲು ಹೋಯಿತು. "ಒಸಿ ಇರಿ ಸಾ," ಎಂದು ಕನ್ನಡಕ ಏರಿಸಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದರು.

"ಪ್ರೆಸ್-ಒಂದು ಸಿಗ್ತಿಲ್ಲ ಅಂತ ಬರ್ದೈತೆ. ಕೆಳಗೆ, ಹೆಸ್ರು ಸರಿಯಾಗೈತಾ ನೋಡಿ ಅಂತ ಬರ್ದೈತೆ." ತಲೆ ಎತ್ತಿ ಕೇಳಿದರು. "ನೋಡುದ್ರಾ ಸಾ?"

ಖುರ್ಷಿದಾ ಬೇಗಂ ಸಂಗಮೇಶನನ್ನು ನೋಡಿದರು. ಸಂಗಮೇಶ ಒಳಕೋಣೆಯನ್ನು ನೋಡಿದ. ಅಲ್ಲಿ ದೊಡ್ಡ ಕಂಪ್ಯೂಟರು ಶನಿವಾರದ ಒಣಗಿದ ಹೂ ಮುಡಿದುಕೊಂಡು ಕೂತಿತ್ತು.

"ಅದರ ಹೆಸರು ಈಗ ಪ್ರೆಸ್-ಒಂದು ಅಲ್ಲ ಸಾರ್," ಎಂದರು ಖುರ್ಷಿದಾ ಬೇಗಂ. "ಶನಿವಾರ ಅದಕ್ಕೆ ಬೀರಯ್ಯನವರ ಹೆಸರಿಟ್ವಿ. ಈ ಮೂರಕ್ಕೂ ಯಾರೂ ಹೇಳಲೇ ಇಲ್ಲ. ಪಾಪ, ಬೆಳಿಗ್ಗೆಯಿಂದ ಹಳೇ ಹೆಸರಲ್ಲೇ ಹುಡುಕ್ತಿವೆ." ಇಟ್ಟದ್ದು ಅವನೊಬ್ಬನೇ. ಆದರೂ 'ಇಟ್ವಿ' ಎಂದು ಆ ತಪ್ಪಿನಲ್ಲಿ ತಾವೂ ಪಾಲು ತೆಗೆದುಕೊಂಡ ಆ ಹೆಣ್ಣುಮಗಳ ದೊಡ್ಡತನವನ್ನು ಸಂಗಮೇಶ ಇಂದಿಗೂ ನೆನೆಯುತ್ತಾನೆ.

ಮಾವ ನಿಧಾನವಾಗಿ, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕುದ್ರಂತೆ," ಎಂದರು. ಆಮೇಲೆ, "ಹಂಗಾದ್ರೆ ಟೀ ತರೋರು ಯಾರು ಅಂತ ಗೊತ್ತಾಯ್ತು," ಎಂದು ಸೇರಿಸಿದರು.

ಸಂಗಮೇಶನ ಮುಖ ಹುಳ್ಳಗಾಯಿತು. ಆದರೂ ಅವನು ಕೆಟ್ಟವನಲ್ಲ. "ಬೀರಯ್ಯನವರ ಹೆಸರು ತೆಗೆಯೋಲ್ಲ. ಮೂರೂ ಕಂಪ್ಯೂಟರಿಗೆ ಹೊಸ ಹೆಸರು ಹೇಳಿಕೊಡೋಣ, ಎಷ್ಟು ಹೊತ್ತಾಗುತ್ತೆ?" ಎಂದು ಕೇಳಿದ.

"ಒಂದೊಂದೇ ನೋಡ್ಕೊಂಡು ಮಾಡ್ಬೇಕು. ಒಂದು ಗಂಟೆಯಾದ್ರೂ ಬೇಕು," ಎಂದರು ಖುರ್ಷಿದಾ ಬೇಗಂ. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. ಮಾವನ ಬಸ್ಸು ನಾಲ್ಕಕ್ಕೆ.

"ನನ್ ಹೆಸ್ರು ತೆಗೀರವ್ವ," ಎಂದರು ಬೀರಯ್ಯನವರು. "ಮೂವತ್ನಾಕು ವರ್ಸ ಊರೋರ ಹೆಸ್ರೆಲ್ಲ ಸರಿ ಮಾಡ್ದೋನು ನಾನು. ನನ್ ಹೆಸ್ರಿಂದ ಒಂದು ಲಗ್ನಪತ್ರಿಕೆ ನಿಂತೋದ್ರೆ ಆ ಸನ್ಮಾನ ನಂಗೆ ಅರಗಾಕಿಲ್ಲ."

ಖುರ್ಷಿದಾ ಬೇಗಂ ಒಳಗೆ ಹೋಗಿ ಕುಳಿತು, ಮೊದಲು ಒಣಗಿದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟರು. ಹಳೆಯ ಹೆಸರು ಒತ್ತಿ, ಆಫ್ ಮಾಡಿ ಆನ್ ಮಾಡಿದರು. ಆರು ನಿಮಿಷ. ಆಚೆ ಬಂದು ಉಗ್ರಾಣದ ಬಾಗಿಲು ತಟ್ಟಿದರೆ ಹದಿನೈದು ವರ್ಷದ ಫೋಲ್ಡರ್‌ಗಳೆಲ್ಲ ಸಾಲಾಗಿ ಬಂದು ನಿಂತವು. ಕಾವ್ಯಳ ಪತ್ರಿಕೆ ಪರದೆಯ ತುಂಬ ಅರಳಿತು.

"ಮ್ಯಾಲಿನ ಈಶ್ವರ ಚೆನ್ನಾಗವ್ನೆ," ಎಂದರು ಮಾವ ದೂರದಿಂದಲೇ. "ಹಾಕ್ಬುಡಿ."

"ಹಾಕಿ ಮೇಡಂ," ಎಂದ ಸಂಗಮೇಶ, ಹೋದ ಜೀವ ಬಂದವನಂತೆ. "ಪ್ರೂಫ್ ಬೇಡ. ನಾನೇ ಟೈಪ್ ಮಾಡಿದ್ದು, ನಮ್ಮನೆ ಪತ್ರಿಕೆ."

ಬೀರಯ್ಯನವರು ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ನೋಡಿದರು. "ಸಾ, ಒಂದೇ ಒಂದು ಸಲ ಓದ್ಲಾ? ಈ ಮೂವತ್ನಾಕು ವರ್ಸದಲ್ಲಿ ನಾನು ನೋಡ್ದೆ ಆಚೆ ಹೋಗ್ತಿರೋ ಪತ್ರಿಕೆ ಇದೊಂದೇಯ."

ನಿಜ. ಶನಿವಾರ ಸಂಜೆ ಸಂಗಮೇಶ ಟೈಪ್ ಮಾಡಿಟ್ಟ ಹೊತ್ತಿನಲ್ಲಿ ಬೀರಯ್ಯನವರು ಸನ್ಮಾನದ ಕುರ್ಚಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಖುರ್ಷಿದಾ ಬೇಗಂ ಒಂದು ಹಾಳೆ ಮಾದರಿ ತೆಗೆದುಕೊಟ್ಟರು. ಬೀರಯ್ಯನವರು ನಿಂತೇ ಓದಿದರು. ಮನೆದೇವರು ಸರಿ. ಮುಹೂರ್ತ ಸರಿ. ಛತ್ರ ಸರಿ. 'ದ್ವಿತೀಯ ಪುತ್ರಿ' ಸರಿ. ಬೆರಳು ನಡುವಿನ ದೊಡ್ಡ ಬಂಗಾರದಕ್ಷರಗಳ ಹತ್ತಿರ ಬಂದು ನಿಂತಿತು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಆ ಅಕ್ಷರಗಳ ಸುತ್ತ ಒಂದು ಗುಂಡು ಎಳೆದರು.

"ತಪ್ಪು ಯಾವತ್ತೂ ದೊಡ್ಡಕ್ಷರದಲ್ಲೇ ಕೂತಿರ್ತದೆ ಸಾ," ಎಂದರು ಮೃದುವಾಗಿ. "ಸಣ್ಣಕ್ಷರ ಎಲ್ರೂ ಕಣ್ಣಗಲಿಸಿ ನೋಡ್ತಾರೆ. ದೊಡ್ಡದನ್ನ ಯಾರೂ ಓದಾಕಿಲ್ಲ."

ಸಂಗಮೇಶ ಓದಿದ. ಚಿ. ಚನ್ನೇಶ್ ಅವರೊಡನೆ ಕಲ್ಯಾಣವಾಗಲಿದ್ದ ವಧು, ಚಿ.ಸೌ. ರೂಪಶ್ರೀ.

ಆದದ್ದಿಷ್ಟೇ. ಒಂದೇ ಮನೆಯ ಹೆಣ್ಣುಮಕ್ಕಳು, ಅದೇ ಮನೆದೇವರು, ಅದೇ ತಂದೆತಾಯಿ ಎಂದು ಸಂಗಮೇಶ ತನ್ನ ಮದುವೆಯ ಹಳೆಯ ಪತ್ರಿಕೆಯನ್ನೇ ಉಗ್ರಾಣದಿಂದ ತೆಗೆದು ತಿದ್ದಿದ್ದ. ಗಂಡಿನ ಹೆಸರು ಬದಲಾಯಿಸಿದ್ದ. ದಿನ, ಛತ್ರ ಬದಲಾಯಿಸಿದ್ದ. 'ಪ್ರಥಮ ಪುತ್ರಿ'ಯನ್ನು 'ದ್ವಿತೀಯ ಪುತ್ರಿ' ಮಾಡಿದ್ದ. ಹೆಣ್ಣನ್ನು ಮಾತ್ರ ಬದಲಾಯಿಸಿರಲಿಲ್ಲ. ಬೆಳಿಗ್ಗೆ ಫೋಲ್ಡರ್ ಸಲೀಸಾಗಿ ಸಿಕ್ಕಿದ್ದರೆ ಹನ್ನೊಂದಕ್ಕೆ ಮೆಷಿನ್ ಓಡಿ, ಸಂಜೆ ವೀರಭದ್ರಸ್ವಾಮಿಯ ಪಾದದಲ್ಲಿ ಅವನ ಸ್ವಂತ ಹೆಂಡತಿಯ ಮರುಮದುವೆಯ ಪತ್ರಿಕೆ ಇರುತ್ತಿತ್ತು. ಅವನು ಅಲ್ಲಿಯೇ, ಎಲ್ಲರೆದುರಿಗೆ, ಬೀರಯ್ಯನವರ ಎರಡೂ ಕೈ ಹಿಡಿದುಕೊಂಡ.

ತಿದ್ದಿದ ಪತ್ರಿಕೆ ಮೂರೂ ಮುಕ್ಕಾಲಿಗೆ ಬಿಸಿಬಿಸಿಯಾಗಿ ಆಚೆ ಬಂತು. ಖುರ್ಷಿದಾ ಬೇಗಂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಚನ್ನವೀರಯ್ಯನವರಿಗೆ ಕೊಟ್ಟರು. ಅವರು ಟವಲು ತೆಗೆದು ಭುಜಕ್ಕೆ ಹಾಕಿಕೊಂಡು ತೆಗೆದುಕೊಂಡರು. ಸಂಗಮೇಶ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಹೊರಟ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಸಿದ. ವಾಪಸು ಬರುವಾಗ ಎಲ್ಲರಿಗೂ ಟೀ ತಂದ. ಕೆಂಪು ಪೆನ್ನನ್ನು ಬೀರಯ್ಯನವರ ಜೇಬಿಗೆ ತಾನೇ ಸಿಕ್ಕಿಸಿ, "ಇದು ಪ್ರೆಸ್ಸಿಂದಲ್ಲ, ನಿಮ್ಮದು," ಎಂದ. ವಾರಕ್ಕೊಂದು ದಿನವಾದರೂ ಬಂದು ಕೂರಬೇಕೆಂದು ಕೇಳಿಕೊಂಡ. ಅವರು ಒಪ್ಪಿದರು.

ರಾತ್ರಿ ಊಟಕ್ಕೆ ಕುಳಿತಾಗ ಅವನು ಒಂದನ್ನೂ ಮುಚ್ಚಿಡದೆ ಹೆಂಡತಿಗೆ ಹೇಳಿದ. ಹೆಸರಿಟ್ಟದ್ದು, ಫ್ಯಾನು, ಗುಂಡುಸೂಜಿ, ಎಂ-ಸೀಲು, ಕೊನೆಗೆ ಚಿ.ಸೌ. ರೂಪಶ್ರೀ. "ಬೀರಯ್ಯನವರು ಇಲ್ಲದಿದ್ರೆ ಇವತ್ತು ಮಾನ ಹೋಗ್ತಿತ್ತು ರೂಪಾ. ಆ ಮನುಷ್ಯ ಸಾಮಾನ್ಯ ಅಲ್ಲ," ಎಂದ.

ರೂಪಶ್ರೀ ಒರಳಲ್ಲಿ ರುಬ್ಬಿದ ಚಟ್ನಿಯನ್ನು ಅವನ ತಟ್ಟೆಗೆ ಬಡಿಸಿದಳು.

"ಅವರು ದೇವರಂಥೋರು, ನಿಜ," ಎಂದಳು. "ಆದ್ರೆ ನನ್ನ ಹೆಸರನ್ನ ಯಾಕ್ರೀ ತಿದ್ದೋಕೆ ಬಿಟ್ರಿ? ಆ ಚನ್ನೇಶನಿಗೆ ಮಿಕ್ಸಿ ರಿಪೇರಿನೂ ಬರುತ್ತಂತೆ."